ಹಳಿ ದಾಟೋ ಊರಲ್ಲಿ ಬೋರ್ಡು, ಜಾಥಾ ಬಿಟ್ಟು ಇನ್ನೇನು ಕೆಲಸ ಮಾಡಿದೆ?

ಪ್ರಶ್ನೆ: ನಮ್ಮೂರು ಮಂಡ್ಯ ಜಿಲ್ಲೆಯಲ್ಲಿ, ಬೆಂಗಳೂರು–ಮೈಸೂರು ಹಳಿಯ ಪಕ್ಕದಲ್ಲೇ ಇದೆ. ಈ ಕಡೆ ಮನೆ, ಶಾಲೆ. ಆ ಕಡೆ ಗದ್ದೆ. ಗೇಟು ಮುಚ್ಚಿ ಅಂಡರ್‌ಪಾಸ್ ಮಾಡಿದ್ದಾರೆ. ಆದರೂ ಜನ ಹಳಿ ಮೇಲೇ ದಾಟುತ್ತಾರೆ. ಯುವಕ ಸಂಘದಿಂದ ಏನಾದರೂ ಮಾಡಬೇಕು ಅಂತಿದ್ದೇವೆ. ಮಾಡಿ ನೋಡಿದವರು ಹೇಳಿ.

ಹಾವೇರಿ ಕಡೆಯವರು: ಮೊದಲು ಯಾರಿಗೂ ಬುದ್ಧಿ ಹೇಳಬೇಡಿ. ಬೆಳಗ್ಗೆ, ಸಂಜೆ ಹಳಿಯಿಂದ ದೂರ ನಿಂತು ನೋಡಿ. ಯಾರು ದಾಟುತ್ತಾರೆ, ಎಲ್ಲಿ, ತಲೆ ಮೇಲೆ ಏನಿರುತ್ತೆ? ನಮ್ಮಲ್ಲಿ ಹಾಗೆ ನೋಡಿದಾಗ ಕಾರಣ ಗೊತ್ತಾಯಿತು. ಮಳೆ ಬಂದರೆ ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು, ರಾತ್ರಿ ದೀಪ ಇಲ್ಲ. ಮೇವಿನ ಹೊರೆ ಹೊತ್ತ ಹೆಂಗಸು ಆ ನೀರಲ್ಲಿ ಯಾಕೆ ಇಳಿಯುತ್ತಾಳೆ ಹೇಳಿ? ನೀರು ನಿಂತ ಫೋಟೋ ತೆಗೆದು, ತಾರೀಖು ಹಾಕಿ, ರೈಲ್ವೆ ವಿಭಾಗದ ಕಚೇರಿಗೂ ಪಂಚಾಯಿತಿಗೂ ಒಂದೇ ದಿನ ಅರ್ಜಿ ಕೊಟ್ಟೆವು. ಬೇರೆ ಬೇರೆ ದಿನ ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹಳಿ ಪಕ್ಕದಲ್ಲಿರೋ ರೈಲ್ವೆ ಕರೆಂಟ್ ಕಂಬದ ಮೇಲೆ ಕಿಲೋಮೀಟರ್ ನಂಬರ್ ಬರೆದಿರುತ್ತೆ, ಅದನ್ನೂ ಅರ್ಜಿಯಲ್ಲಿ ಹಾಕಿ. ‘ನಮ್ಮೂರ ಹತ್ತಿರ’ ಅಂದರೆ ಅವರಿಗೆ ಏನೂ ಗೊತ್ತಾಗಲ್ಲ. ಮೋಟಾರ್ ಪಂಪ್ ಬರೋಕೆ ಮುಂದಿನ ಮಳೆಗಾಲವೇ ಬಂತು. ಆದರೆ ಬಂದ ಮೇಲೆ ದಾಟೋರು ತಾವಾಗಿಯೇ ಕಡಿಮೆ ಆದರು.

ನಿವೃತ್ತ ಲೋಕೋ ಪೈಲಟ್: ಮೇಲಿನವರು ಹೇಳಿದ್ದು ಸರಿ. ಜೊತೆಗೆ ಊರವರಿಗೆ ಎರಡೇ ವಿಷಯ ತಿಳಿಸಿ. ಒಂದು, 100 ಕಿ.ಮೀ. ವೇಗದ ಗಾಡಿಗೆ ಬ್ರೇಕ್ ಹಾಕಿದರೂ ಅದು ನಿಲ್ಲೋಕೆ ಸುಮಾರು ಒಂದು ಕಿಲೋಮೀಟರ್ ಬೇಕು. ‘ಡ್ರೈವರ್ ನೋಡಿ ನಿಲ್ಲಿಸ್ತಾನೆ’ ಅನ್ನೋ ನಂಬಿಕೆ ಬೇಡ. ನೋಡೋದು ನಿಜ, ಹಾರ್ನ್ ಒತ್ತೋದು ಬಿಟ್ಟು ಆಮೇಲೆ ನಮ್ಮ ಕೈಲಿ ಜಾಸ್ತಿ ಏನೂ ಇರಲ್ಲ. ಎರಡು, ನಿಮ್ಮದು ಡಬಲ್ ಲೈನ್. ಒಂದು ಗಾಡಿ ಹೋಯಿತು ಅಂತ ತಕ್ಷಣ ಕಾಲಿಟ್ಟರೆ, ಅದರ ಮರೆಯಲ್ಲಿ ಎದುರಿನಿಂದ ಬರೋ ಇನ್ನೊಂದು ಕಾಣಲ್ಲ. ಕರೆಂಟ್ ಗಾಡಿಗೆ ಡೀಸೆಲ್ ಎಂಜಿನ್ನಿನಷ್ಟು ಸದ್ದೂ ಇಲ್ಲ.

ಮುಂಬೈ ಕನ್ನಡಿಗ: ಇಲ್ಲಿ ವಡಾಲಾ ಸ್ಟೇಷನ್ ಹತ್ತಿರ 2010ರ ಸುಮಾರಿಗೆ ಒಂದು ಪ್ರಯೋಗ ನಡೆಯಿತು. ಕೆಲವು ಸ್ಲೀಪರ್‌ಗಳಿಗೆ, ಅಂದ್ರೆ ಹಳಿಯ ಕೆಳಗಿನ ಅಡ್ಡ ದಿಮ್ಮಿಗಳಿಗೆ, ಹಳದಿ ಬಣ್ಣ ಬಳಿದರು. ದೊಡ್ಡ ವಸ್ತುವಿನ ವೇಗ ನಮ್ಮ ಕಣ್ಣಿಗೆ ಕಡಿಮೆ ಅನಿಸುತ್ತೆ. ಹಳದಿ ಪಟ್ಟಿಗಳು ಒಂದೊಂದಾಗಿ ಗಾಡಿಯಡಿ ಮರೆಯಾಗೋದು ಕಂಡರೆ ಅಂದಾಜು ಸಿಗುತ್ತೆ. ಬರಹದ ಬೋರ್ಡಿನ ಬದಲು, ರೈಲಿಗೆ ಸಿಕ್ಕುವ ಮನುಷ್ಯನ ಭಯದ ಮುಖದ ಚಿತ್ರ ಹಾಕಿದರು. ಉದ್ದನೆಯ ಒಂದು ಹಾರ್ನ್ ಬದಲು ಚಿಕ್ಕದಾಗಿ ಎರಡು ಸಲ ಹೊಡೆಸಿದರು. ನಂಗೆ ಇಷ್ಟ ಆಗಿದ್ದು ಏನಂದ್ರೆ, ಎಲ್ಲೂ ಉಪದೇಶ ಇರಲಿಲ್ಲ. ಆದರೆ ನೀವು ಸುಮ್ನೆ ಬಣ್ಣದ ಡಬ್ಬ ಹಿಡಿದು ಹಳಿಗೆ ಇಳಿಯಬೇಡಿ! ರೈಲ್ವೆಯವರೇ ಮಾಡಬೇಕಾದ ಕೆಲಸ ಅದು.

ಶಾಲಾ ಶಿಕ್ಷಕಿ, ತುಮಕೂರು ಕಡೆ: ನಮ್ಮಲ್ಲಿ ಸಮಸ್ಯೆ ರೈಲಿಗೆ ಕಲ್ಲು ಹೊಡೆಯೋ ಹುಡುಗರದು. ಹಳಿ ನೋಡಿಕೊಳ್ಳೋ ಕೀಮನ್ ಒಬ್ಬರನ್ನು ಶಾಲೆಗೆ ಕರೆಸಿದೆವು. ಅವರೂ ಪಕ್ಕದ ಊರಿನವರೇ. ದಿನಾ ಹಳಿ ಮೇಲೆ ಎಷ್ಟು ನಡೀತಾರೆ, ಯಾವ ಬೋಲ್ಟ್ ಯಾಕೆ ನೋಡ್ತಾರೆ ಅಂತ ತೋರಿಸಿದರು. ಮಕ್ಕಳು ಪ್ರಶ್ನೆ ಕೇಳಿ ಕೇಳಿ ಅವರನ್ನು ಊಟಕ್ಕೂ ಬಿಡಲಿಲ್ಲ. ಸೆಲ್ಫಿಗೆ ನಿಂತ ಗಾಡಿಯ ಮೇಲೆ ಹತ್ತೋ ಚಟ ಇದ್ದರೆ ಅದನ್ನೂ ಹೇಳಿಸಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತೆ, ಮುಟ್ಟೋದೇ ಬೇಡ, ಹತ್ತಿರ ಹೋದರೂ ಸಾಕು.

ಇನ್ನೊಬ್ಬರು: 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿ ಮೇಲೆ ಹೋದರೆ ಆರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ. ಅದನ್ನು ಮೈಕಿನಲ್ಲಿ ಹೇಳಿದರೆ ಸಾಕಲ್ವಾ?

ಹಾವೇರಿ ಕಡೆಯವರು: ಹೇಳಿ ನೋಡಿ. ನಮ್ಮಲ್ಲಿ ದಂಡದ ಮಾತು ಬಂದ ಕೂಡಲೇ ಜನ ಸಭೆಯಿಂದ ಎದ್ದು ಹೋದರು. ದಾರಿ ಸರಿ ಮಾಡಿದ ಮೇಲೆ ದಂಡದ ಮಾತಾಡಬಹುದು.

ನಿವೃತ್ತ ಲೋಕೋ ಪೈಲಟ್: ಒಂದು ಬಿಟ್ಟುಹೋಯಿತು. ಹಳಿ ಮೇಲೆ ಮರ ಬಿದ್ದರೆ, ಟ್ರಾಕ್ಟರ್ ಸಿಕ್ಕಿಕೊಂಡರೆ ತಕ್ಷಣ 139ಕ್ಕೆ ಫೋನ್ ಮಾಡಿ. ಹತ್ತಿರದ ಸ್ಟೇಷನ್ ಮಾಸ್ಟರ್ ನಂಬರನ್ನೂ ಈಗಲೇ ಕೇಳಿ, ಹಾಲಿನ ಡೈರಿ ಗೋಡೆ ಮೇಲೆ ಬರೆಸಿಡಿ. ಫೋನಲ್ಲಿ ಮೊದಲು ಕಂಬದ ನಂಬರ್ ಹೇಳಿ, ಉಳಿದದ್ದು ಆಮೇಲೆ.