ಅಪ್‌ಡೇಟ್: ಓಟಕ್ಕೂ ಈಜಿಗೂ ಆಗುವ ಮ್ಯೂಸಿಕ್ ಪ್ಲೇಯರ್ ತಗೊಂಡೆ

ಮಳೆಯಲ್ಲಿ ಓಡುವಾಗ, ಈಜುವಾಗ ಹಾಡು ಕೇಳಲು ಗಟ್ಟಿಮುಟ್ಟಾದ ಪ್ಲೇಯರ್ ಯಾವುದು ಅಂತ ಕೇಳಿದ್ದೆನಲ್ಲ, ಕೊನೆಗೆ ಕಿವಿಗೇ ಹಾಕಿಕೊಳ್ಳುವ ಸೋನಿ ವಾಕ್‌ಮನ್ ಡಬ್ಲ್ಯೂಎಸ್ 413 ತಗೊಂಡೆ. ನಿಮ್ಮಲ್ಲೊಬ್ಬರು ಹೇಳಿದ ಮಾತೇ ನಿರ್ಧಾರ ಮಾಡಿಸಿತು: ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಬಿಡುತ್ತದೆ, ಹಾಗಾಗಿ ಈಜುವವರಿಗೆ ಹಾಡು ಕಿವಿಯಲ್ಲಿರುವ ಪ್ಲೇಯರ್‌ನೊಳಗೇ ಇರಬೇಕು. ಇದರಲ್ಲಿ 4 ಜಿಬಿ ಜಾಗವಿದೆ, ನನಗೆ ಧಾರಾಳ ಸಾಕು. ಉಪ್ಪುನೀರಲ್ಲೂ 2 ಮೀಟರ್ ಆಳದವರೆಗೆ ತಡೆಯುತ್ತದೆ. ಮಲ್ಪೆಯಲ್ಲಿ ದಡದ ಹತ್ತಿರ ಈಜಿದಾಗ ಏನೂ ತೊಂದರೆಯಾಗಲಿಲ್ಲ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದಿಟ್ಟೆ. ನೀರಿಗಿಳಿಯುವಾಗ ಮಾತ್ರ ಜೊತೆಗೆ ಬರುವ ಈಜಿನ ಇಯರ್‌ಬಡ್ ಮರೆಯದೆ ಹಾಕಿಕೊಳ್ಳಿ. 3 ನಿಮಿಷ ಚಾರ್ಜ್ ಮಾಡಿದರೆ ಒಂದು ಗಂಟೆ ಹಾಡುತ್ತದೆ, ಬೆಳಗಿನ ಗಡಿಬಿಡಿಗೆ ಇದು ದೊಡ್ಡ ಅನುಕೂಲ. ಸ್ಯಾನ್‌ಡಿಸ್ಕ್ ಕ್ಲಿಪ್ ಸ್ಪೋರ್ಟ್ ಸೂಚಿಸಿದವರೇ, ಬರೀ ಓಟ, ಜಿಮ್ ಆಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ಎಲ್ಲರಿಗೂ ಧನ್ಯವಾದ.