ಎರಡು ವಯೊಲಿನ್, ಒಂದು ಚೆಲ್ಲೋ: ಯಾವ ನೋಟ್ಸ್ ಕೊಡಲಿ?

ನಮಸ್ಕಾರ. ಬೆಂಗಳೂರಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿರುವ ಮೂವರು ಮಕ್ಕಳು ಒಟ್ಟಿಗೆ ನುಡಿಸಬೇಕು ಅಂತ ಹಟ ಹಿಡಿದಿದ್ದಾರೆ. ಪರೀಕ್ಷೆಯ ಮಟ್ಟದಲ್ಲಿ ಹೇಳುವುದಾದರೆ ಗ್ರೇಡ್ 5ರ ಆಸುಪಾಸು. ವಯೊಲಿನ್‌ನ ಇಬ್ಬರಿಗೆ ಮೂರನೇ ಪೊಸಿಷನ್ (ಎಡಗೈ ಮೇಲಕ್ಕೆ ಸರಿಸಿ ನುಡಿಸುವುದು) ಪರವಾಗಿಲ್ಲ. ಚೆಲ್ಲೋದವಳಿಗೆ ಟೆನರ್ ಕ್ಲೆಫ್ (ಚೆಲ್ಲೋದ ಮೇಲಿನ ಸ್ವರಗಳನ್ನು ಬರೆಯಲು ಬಳಸುವ ಗುರುತು) ಇನ್ನೂ ಓದಲು ಬರುವುದಿಲ್ಲ. ವಯೋಲಾ (ವಯೊಲಿನ್‌ಗಿಂತ ತುಸು ದೊಡ್ಡ, ಕೆಳಸ್ವರದ ವಾದ್ಯ) ನುಡಿಸುವವರು ಎಷ್ಟು ಹುಡುಕಿದರೂ ಸಿಗಲಿಲ್ಲ.

ಇಟಲಿಯ ಸಂಗೀತಕಾರ ಕೊರೆಲ್ಲಿಯ ಓಪಸ್ (ಕೃತಿ ಸಂಖ್ಯೆ) 4 (1694) ಟ್ರಿಯೊ ಸೊನಾಟಾಗಳಿಂದ, ಅಂದರೆ ಎರಡು ಮೇಲಿನ ಪಾರ್ಟ್ ಮತ್ತು ಒಂದು ಕೆಳಸ್ವರದ ಪಾರ್ಟ್ ಇರುವ ರಚನೆಗಳಿಂದ, ಶುರು ಮಾಡೋಣ ಅಂತಿದ್ದೇನೆ. ಕೀಬೋರ್ಡ್ ಇಲ್ಲದೆಯೂ ನಡೆಯುತ್ತದೆ, ಎರಡು ವಯೊಲಿನ್‌ಗೂ ಹೆಚ್ಚುಕಡಿಮೆ ಸಮಪಾಲು. ನಿಧಾನದ ಭಾಗಗಳಲ್ಲಿ ಒಂದು ಸ್ವರ ಇನ್ನೊಂದಕ್ಕೆ ಉಜ್ಜಿಕೊಂಡು ನಿಂತು, ಆಮೇಲೆ ಮೆಲ್ಲಗೆ ಕೆಳಗಿಳಿಯುತ್ತದಲ್ಲ, ಶ್ರುತಿ ತಿದ್ದಲು ಅದಕ್ಕಿಂತ ಒಳ್ಳೆ ಪಾಠ ನನಗಂತೂ ಗೊತ್ತಿಲ್ಲ.

ಐಎಂಎಸ್‌ಎಲ್‌ಪಿ ಎಂಬ ಆನ್‌ಲೈನ್ ನೋಟ್ಸ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ ನಿಜ. ಆದರೆ ಹಳೇ ಮುದ್ರಣ ನೋಡಿ ಮಕ್ಕಳು ಕಂಗಾಲು. ಬಾರ್ ನಂಬರ್, ಬಿಲ್ಲಿನ ಗುರುತು, ಬಿಡಿ ಪಾರ್ಟ್‌ಗಳು ಇರುವ ಎಡಿಷನ್ ಯಾವುದು? ಭಾರತದಲ್ಲೇ ಸಿಗುತ್ತಾ?

ಇನ್ನೊಂದು ವಿಷಯ. ಇನ್ನೊಬ್ಬ ವಯೊಲಿನ್ ಹುಡುಗ ಸೇರುವ ಹಾಗಿದೆ. ಆಸ್ಟ್ರಿಯಾದ ಸಂಗೀತಕಾರ ಹೈಡನ್‌ನ ಓಪಸ್ 1 ಕ್ವಾರ್ಟೆಟ್‌ಗಳಲ್ಲಿ (ಎರಡು ವಯೊಲಿನ್, ವಯೋಲಾ, ಚೆಲ್ಲೋ) ವಯೋಲಾ ಪಾರ್ಟ್ ಅವನಿಗೆ ಕೊಟ್ಟು, ವಯೊಲಿನ್‌ನ ಅತಿ ಕೆಳಗಿನ ಜಿ ತಂತಿಗೂ ಕೆಳಗಿನ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಿದರೆ ಕೇಳಲು ಕೆಡುತ್ತಾ? ಹೀಗೆ ನುಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಸಿನಿಮಾ ಹಾಡಿನ ಅರೇಂಜ್‌ಮೆಂಟ್ ಬೇಡ, ಅದು ಅವರ ಹತ್ತಿರ ಜಾಸ್ತಿನೇ ಇದೆ.