ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವ ಹಳೆಯ ಡೀಸೆಲ್ ಕಾರು: ಇಂಜೆಕ್ಟರ್ ಬದಲಿಸಲೇಬೇಕೇ?

ಪ್ರಶ್ನೆ (ಶಿರಸಿಯಿಂದ): ನಮಸ್ಕಾರ ಸರ್. ಕಳೆದ ತಿಂಗಳು 2014ರ ಮಾದರಿಯ ಡೀಸೆಲ್ ಕಾರೊಂದನ್ನು ಕೊಂಡೆ. 1.4 ಲೀಟರ್ ಕಾಮನ್ ರೈಲ್ ಎಂಜಿನ್, ಮೀಟರಿನಲ್ಲಿ 1,18,000 ಕಿ.ಮೀ. ಸರ್ವಿಸ್ ಪುಸ್ತಕ ಎಲ್ಲಿ ಎಂದು ಕೇಳಿದ್ದಕ್ಕೆ ಹಿಂದಿನ ಮಾಲೀಕರು ನಕ್ಕುಬಿಟ್ಟರು. ಬೆಳಿಗ್ಗೆ ಎಂಟು ಹತ್ತು ಸೆಕೆಂಡು ಸೆಲ್ಫ್ ಹೊಡೆದ ಮೇಲೆಯೇ ಸ್ಟಾರ್ಟ್ ಆಗುತ್ತದೆ. ಆಮೇಲೆ ದಿನವಿಡೀ ಕೀಲಿ ತಿರುಗಿಸಿದರೆ ಸಾಕು. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಎಳೆತವಿಲ್ಲ, ಹಿಂದೆ ಕಪ್ಪು ಹೊಗೆ. ಇಲ್ಲಿನ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತುವ ಮೊದಲೇ "ನಾಲ್ಕೂ ಇಂಜೆಕ್ಟರ್ ಹೋಗಿವೆ" ಎಂದರು. ಮನೆಯಲ್ಲಿ ಜಾಕಿ, ಪಾನಾ ಸೆಟ್ಟು ಇವೆ. ಅಪ್ಪನ ಪವರ್ ಟಿಲ್ಲರ್ ಬಿಚ್ಚಿ ಜೋಡಿಸಿದ ಅಭ್ಯಾಸವೂ ಇದೆ. ನಾನೇ ಏನೇನು ನೋಡಬಹುದು?

ಉತ್ತರ (ಡೀಸೆಲ್ ಮೆಕ್ಯಾನಿಕ್, ಶಿವಮೊಗ್ಗ): ಟಿಲ್ಲರ್ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಟಿಲ್ಲರ್‌ಗೆ ಏರ್ ಹಿಡಿದರೆ ನಾಜಲ್ ಪೈಪಿನ ನಟ್ಟು ಸಡಿಲಿಸಿ ಹ್ಯಾಂಡಲ್ ಹೊಡೆಯುತ್ತೀರಿ. ಈ ಕಾರಿನಲ್ಲಿ ಅದನ್ನು ಮಾಡಲೇಬೇಡಿ. ಎಂಜಿನ್ ಓಡುವಾಗ ರೈಲಿನಲ್ಲಿ, ಅಂದರೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆಲ್ಲ ಹಂಚುವ ಒಂದೇ ಕೊಳವೆಯಲ್ಲಿ, ಡೀಸೆಲ್ ಒತ್ತಡ ಸಾವಿರ ಬಾರ್ ದಾಟಬಹುದು. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಬೆರಳೇ ಹೋಗಬಹುದು. ಇಂಜೆಕ್ಟರ್‌ಗೆ ಹೋಗುವ ಕಬ್ಬಿಣದ ಪೈಪುಗಳ ಕಡೆ ಪಾನಾ ಚಾಚಬೇಡಿ.

ಇನ್ನು ನಿಮ್ಮ ಗಾಡಿಗೆ ಇರುವುದು ಎರಡು ಬೇರೆ ಬೇರೆ ಕಾಯಿಲೆ ಎಂದು ನನ್ನ ಅನುಮಾನ. ಗ್ಯಾರೇಜಿನವರು ಎರಡಕ್ಕೂ ಒಂದೇ ಚೀಟಿ ಬರೆದಿದ್ದಾರೆ.

ರಾತ್ರಿಯಿಡೀ ನಿಂತ ಮೇಲೆ ಮಾತ್ರ ಸತಾಯಿಸುತ್ತದೆ ಎಂದರೆ, ಎಂಜಿನ್‌ವರೆಗೆ ಏರಿ ನಿಂತಿರಬೇಕಾದ ಡೀಸೆಲ್ ಎಲ್ಲೋ ಗಾಳಿ ಸೇರಿ ಟ್ಯಾಂಕಿಗೆ ವಾಪಸು ಇಳಿಯುತ್ತಿರಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಶಿರಸಿಯಲ್ಲಿ ಇಳಿಜಾರಿಗೆ ಬರವಿಲ್ಲ. ಇಂದು ರಾತ್ರಿ ಗಾಡಿಯ ಮೂತಿ ಕೆಳಗೆ, ಹಿಂಭಾಗ ಮೇಲೆ ಇರುವಂತೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕು ಎತ್ತರದಲ್ಲಿದ್ದಾಗ ಡೀಸೆಲ್ ಹಿಂದಕ್ಕೆ ಹರಿಯುವುದಿಲ್ಲ. ಬೆಳಿಗ್ಗೆ ಥಟ್ಟನೆ ಸ್ಟಾರ್ಟ್ ಆದರೆ ಕಳ್ಳ ಫಿಲ್ಟರಿನ ಆಸುಪಾಸಿನಲ್ಲೇ ಇದ್ದಾನೆ.

ಟ್ಯಾಂಕಿನಲ್ಲೇ ಪಂಪ್ ಇರುವ ಗಾಡಿಗಳಲ್ಲಿ ಪೈಪು ಸಡಿಲವಾದರೆ ಡೀಸೆಲ್ ಹೊರಗೆ ಒಸರುತ್ತದೆ, ಕಣ್ಣಿಗೆ ಕಾಣುತ್ತದೆ. ನಿಮ್ಮ ಎಂಜಿನ್ ಬಳಿ ಒತ್ತುವ ಕಪ್ಪು ರಬ್ಬರ್ ಬುಡ್ಡಿ ಇದೆಯೇ ನೋಡಿ. ಇದ್ದರೆ ಅದು ಬಹುತೇಕ ಎಂಜಿನ್ ಪಂಪೇ ಡೀಸೆಲ್ ಎಳೆದುಕೊಳ್ಳುವ ಬಗೆ. ಅಂಥದ್ದರಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಹೊರಗೆ ಒಂದು ಹನಿಯೂ ಇರುವುದಿಲ್ಲ. ಅದಕ್ಕೇ ಎಷ್ಟೋ ಜನರಿಗೆ ಇದು ಸಿಗುವುದೇ ಇಲ್ಲ.

ಜತೆಗೆ ಬ್ಯಾಟರಿ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ ಹತ್ತಕ್ಕಿಂತ ತೀರಾ ಕೆಳಗೆ ಬಿದ್ದರೆ ಎಂಜಿನ್ ಬೇಕಾದಷ್ಟು ವೇಗವಾಗಿ ತಿರುಗುವುದಿಲ್ಲ, ರೈಲಿನಲ್ಲಿ ಒತ್ತಡ ಏರುವುದಿಲ್ಲ.

ಹೇಗೂ ದಾಖಲೆ ಇಲ್ಲದ ಗಾಡಿ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನಾಲ್ಕನ್ನೂ ಬದಲಿಸಿ. ಆಯಿಲ್ ಗ್ರೇಡನ್ನು ಮ್ಯಾನ್ಯುಯಲ್ ನೋಡಿ ಕೊಳ್ಳಿ, ಅಂಗಡಿಯವರ ಬಾಯಿ ನೋಡಿ ಅಲ್ಲ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ, ಎರಡು ಸ್ಟ್ಯಾಂಡ್ ಕೊಳ್ಳಿ. ಹೊಸ ಆಯಿಲ್ ನೂರು ಕಿ.ಮೀ. ಓಡುವುದರೊಳಗೆ ಕಪ್ಪಾದರೆ ಗಾಬರಿ ಬೇಡ, ಡೀಸೆಲ್ ಎಂಜಿನ್ ಜಾತಿಯೇ ಹಾಗೆ.

ಮನೆಯಲ್ಲಿ ಆಗದ ಕೆಲಸವೆಂದರೆ ಟೈಮಿಂಗ್, ಅಂದರೆ ಪಿಸ್ಟನ್ನಿಗೆ ಹೊಂದಿಕೊಂಡು ವಾಲ್ವ್ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಬೆಲ್ಟ್ ಅಥವಾ ಚೈನ್. ಫಿಯಟ್ ಮೂಲದ 1.3 ಮಲ್ಟಿಜೆಟ್‌ನಂಥವಕ್ಕೆ ಚೈನ್ ಇರುತ್ತದೆ. ನಿಮ್ಮದಕ್ಕೆ ಬೆಲ್ಟ್ ಇದ್ದು, ಎಂದು ಬದಲಿಸಿದರೆಂಬ ಲೆಕ್ಕ ಸಿಗದಿದ್ದರೆ, ಉಳಿದೆಲ್ಲಕ್ಕಿಂತ ಮೊದಲು ಅದಕ್ಕೆ ದುಡ್ಡು ತೆಗೆದಿಡಿ. ಬೆಲ್ಟ್ ಕಡಿದರೆ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಪ್ರಶ್ನೆ (ಮಂಗಳೂರಿನಿಂದ ಇನ್ನೊಬ್ಬರು): ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ಹೋಗಿರಬಹುದಲ್ಲವೇ ಸರ್? ನನಗೆ ನಾಲ್ಕೂ ಹಾಕಿಸಿದರು.

ಉತ್ತರ: ಮಂಗಳೂರಿನಲ್ಲೇ? ಇಪ್ಪತ್ತೈದು ಡಿಗ್ರಿ ಸೆಖೆಯಲ್ಲಿ ಆರೋಗ್ಯವಾಗಿರುವ ಕಾಮನ್ ರೈಲ್ ಎಂಜಿನ್ ಗ್ಲೋ ಪ್ಲಗ್ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ. ಮಡಿಕೇರಿಯ ಡಿಸೆಂಬರ್ ಆದರೆ ಮಾತು ಬೇರೆ. ಕೊಳ್ಳುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಒಂದು ಓಮ್ ಆಸುಪಾಸು ತೋರಿಸಿದರೆ ಜೀವ ಇದೆ, ಏನೂ ತೋರಿಸದಿದ್ದರೆ ಸತ್ತಿದೆ.

ಪ್ರಶ್ನಿಸಿದವರು, ಐದು ದಿನಗಳ ನಂತರ: ಸರ್, ಮೂತಿ ಕೆಳಗೆ ಮಾಡಿ ನಿಲ್ಲಿಸಿದ ದಿನ ಎರಡನೇ ಸೆಕೆಂಡಿಗೇ ಸ್ಟಾರ್ಟ್ ಆಯಿತು! ರಬ್ಬರ್ ಬುಡ್ಡಿಯೂ ಇದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಬಾಟಲಿಗೆ ಹಿಡಿದಾಗ ತಳದಲ್ಲಿ ಎರಡು ಬೆರಳಷ್ಟು ನೀರು, ಅದರ ಮೇಲೆ ಡೀಸೆಲ್, ನಡುವೆ ಕಂದು ಬಣ್ಣದ ಕೆಸರಿನ ಗೆರೆ. ಫಿಲ್ಟರಿನ ಒಂದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಚಪ್ಪಟೆಯಾಗಿ ಒಂದು ಕಡೆ ಸೀಳಿತ್ತು. ಎಲ್ಲ ಹೊಸದು ಹಾಕಿ, ಬುಡ್ಡಿ ಗಟ್ಟಿಯಾಗುವವರೆಗೆ ಒತ್ತಿದೆ. ಈಗ ಸಮತಟ್ಟಿನಲ್ಲಿ ನಿಲ್ಲಿಸಿದರೂ ಬೆಳಿಗ್ಗೆ ಸರಿಯಾಗಿದೆ. ಘಟ್ಟದ ಹೊಗೆ ಮಾತ್ರ ಹಾಗೆಯೇ ಇದೆ.

ಉತ್ತರ: ಆ ಓ-ರಿಂಗನ್ನು ಬಿಸಾಡಬೇಡಿ, ಗ್ಯಾರೇಜಿನವರಿಗೆ ತೋರಿಸಲು ಇರಲಿ.

ಕಪ್ಪು ಹೊಗೆ ಎಂದರೆ ಡೀಸೆಲ್ ಬಿದ್ದಿದೆ, ಅದಕ್ಕೆ ಸಾಲುವಷ್ಟು ಗಾಳಿ ಬಂದಿಲ್ಲ. ಗಾಳಿಯನ್ನು ಒತ್ತಿ ಊದುವ ಟರ್ಬೋದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪುಗಳನ್ನು ಎಂಜಿನ್ ತಣ್ಣಗಿರುವಾಗ ಕೈಯಲ್ಲಿ ಸವರಿ. ಮೇಲಿನಿಂದ ಕಣ್ಣಾಡಿಸಿದರೆ ಸಾಲದು, ಬೆರಳನ್ನು ಅಡಿಗೆ ಹಾಕಿ. ಸಣ್ಣ ಬಿರುಕು ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತದೆ, ಘಟ್ಟದಲ್ಲಿ ಟರ್ಬೋ ಊದಿದಾಗ ಬಾಯಿ ತೆರೆಯುತ್ತದೆ. ಗಾಳಿಯ ಜತೆ ಆಯಿಲ್ ಮಂಜೂ ಬರುವುದರಿಂದ ಅಲ್ಲಿ ಜಿಡ್ಡು ಮೆತ್ತಿ ಧೂಳು ಹಿಡಿದಿರುತ್ತದೆ. ಪೈಪುಗಳೆಲ್ಲ ಗಟ್ಟಿಯಾಗಿದ್ದರೆ ಮುಂದಿನ ಅನುಮಾನ ಮಸಿ ಕಟ್ಟಿದ ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸು ಬಿಡುವ ವಾಲ್ವ್. ಅದನ್ನು ಬಿಚ್ಚಿ ತೊಳೆಯಬಹುದು, ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಹೊಗೆ ಬಂದರೆ ಆಗ ಇಂಜೆಕ್ಟರ್ ಮಾತನಾಡೋಣ. ಆಗಲೂ ರಿಟರ್ನ್ ಪರೀಕ್ಷೆ ಮಾಡಿಸದೆ ಒಪ್ಪಬೇಡಿ: ನಾಲ್ಕಕ್ಕೂ ಒಂದೊಂದು ಬಾಟಲಿ ಹಿಡಿದು, ಯಾವುದು ಡೀಸೆಲನ್ನು ಹೆಚ್ಚು ವಾಪಸು ಬಿಡುತ್ತದೆ ಎಂದು ನೋಡುವುದು. ಕೆಟ್ಟಿರುವುದು ಒಂದೇ ಆಗಿರಬಹುದು.

ಪ್ರಶ್ನಿಸಿದವರು: ಸಿಕ್ಕಿತು ಸರ್! ಕೆಳಗಿನ ಪೈಪಿನಲ್ಲಿ, ಕ್ಲಿಪ್ಪಿನಿಂದ ಎರಡು ಇಂಚು ಈಚೆಗೆ, ಬೆರಳ ಉಗುರಿನಷ್ಟು ಉದ್ದದ ಸೀಳು. ಕೈಗೆ ಜಿಡ್ಡು ಹತ್ತಿದ್ದರಿಂದಲೇ ಗೊತ್ತಾಯಿತು. ಟೇಪ್ ಸುತ್ತಿ ಕ್ಲಿಪ್ ಬಿಗಿದರೆ ಆಗುತ್ತದೆಯೇ?

ಉತ್ತರ: ಹೊಸ ಪೈಪ್ ಬರುವವರೆಗೆ ಪೇಟೆಗೆ ಹೋಗಿ ಬರಲು ಸಾಕು, ಘಟ್ಟಕ್ಕೆ ಸಾಲದು.

ಪ್ರಶ್ನಿಸಿದವರು: ಕೊನೆಯದಾಗಿ ಒಂದು. ಇಳಿಸಿದ ಹಳೆಯ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುತ್ತೇನೆ, ಗೆದ್ದಲು ಹತ್ತುವುದಿಲ್ಲ ಎಂದು ಅಪ್ಪ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ನಮ್ಮ ತಂದೆಯೂ ಬಳಿಯುತ್ತಿದ್ದರು. ನಿಮ್ಮ ತೋಟದ ಬಾವಿ ಬೇಲಿಯಿಂದ ಎಷ್ಟು ದೂರವಿದೆ ಎಂದು ಅವರನ್ನೇ ಕೇಳಿ. ಮಳೆಗಾಲದಲ್ಲಿ ಅದೆಲ್ಲ ತೊಳೆದುಹೋಗುವುದು ಅಲ್ಲಿಗೇ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಹಳೆಯ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ.